ಲ್ಯಾಚ್ ಹುಕ್ ಕಿಟ್: ಚಿತ್ರಕ್ಕೆ ಮರುಳಾಗುವ ಮುನ್ನ ಕ್ಯಾನ್ವಾಸ್ ನೋಡಿ

ಚಿಲಕವಿರುವ ಕೊಕ್ಕೆಯಿಂದ ಜಾಲರಿ ಬಟ್ಟೆಗೆ (ಕ್ಯಾನ್ವಾಸ್) ನೂಲಿನ ತುಂಡು ಎಳೆಗಳನ್ನು ಗಂಟು ಹಾಕಿ, ಕುಚ್ಚು ಎದ್ದ ಕಂಬಳಿ ಮಾಡುವ ಕೈಕೆಲಸವೇ ಲ್ಯಾಚ್ ಹುಕ್. ಅದರ ಕಿಟ್ ಕೊಳ್ಳುವವರು ಮೊದಲು ನೋಡುವುದು ಡಬ್ಬಿಯ ಮೇಲಿನ ಚಿತ್ರವನ್ನು. ಕೆಲಸ ಅರ್ಧಕ್ಕೇ ನಿಂತರೆ ಕಾರಣ ಮಾತ್ರ ಹೆಚ್ಚಾಗಿ ಆ ಚಿತ್ರದ ಕೆಳಗಿರುವ ಜಾಲರಿಯಲ್ಲೋ ಎಣಿಕೆ ತಪ್ಪಿದ ಎಳೆಗಳಲ್ಲೋ ಇರುತ್ತದೆ. ಗಂಟು ಹಾಕುವುದು ಹತ್ತು ನಿಮಿಷದಲ್ಲಿ ಕೈಗೆ ಕೂತುಬಿಡುತ್ತದೆ. ಆದರೆ ಕ್ಯಾನ್ವಾಸ್ ಕಳಪೆಯಾಗಿದ್ದರೆ ಎಂಥ ಪಳಗಿದ ಕೈಯೂ ಸೊಟ್ಟ ಕಂಬಳಿಯನ್ನೇ ಕೊಡುತ್ತದೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡದ್ದು ನಡುಗಾತ್ರದ ಒಂದು ಕಿಟ್. ಬಣ್ಣ ಮುದ್ರಿಸಿದ ಕ್ಯಾನ್ವಾಸ್, ಎಂಟು ಬಣ್ಣಗಳ ಕತ್ತರಿಸಿದ ಅಕ್ರಿಲಿಕ್ ಎಳೆಗಳು, ಒಂದು ಹುಕ್, ಎಲ್ಲಿ ಯಾವ ಬಣ್ಣ ಎಂದು ಚೌಕಗಳಲ್ಲಿ ತೋರಿಸುವ ಒಂದು ಚಾರ್ಟ್, ನಾಲ್ಕು ಮಡಿಕೆಯ ಸೂಚನಾ ಹಾಳೆ. ಚಿತ್ರದ ಅಳತೆ 60 × 40 ಸೆಂ.ಮೀ. ಗೋಡೆಗೆ ತೂಗುಹಾಕಬಹುದು, ಮಂಚದ ಪಕ್ಕ ಕಾಲಡಿಗೂ ಹಾಸಬಹುದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ. ಈ ಬಗೆಯ ಪೊಟ್ಟಣಗಳು ಹತ್ತಾರು ಹೆಸರಲ್ಲಿ ಬರುತ್ತವೆ, ಅವುಗಳ ಗುಣದೋಷಗಳೂ ಹೆಚ್ಚುಕಡಿಮೆ ಒಂದೇ. ಒಟ್ಟು ಅಂಕ ಕೇಳಿದರೆ ಐದಕ್ಕೆ ಮೂರೂವರೆ. ಕ್ಯಾನ್ವಾಸ್ ಚೆನ್ನಾಗಿದೆ, ಎಳೆ ಪರವಾಗಿಲ್ಲ, ಹುಕ್ ಸಾಧಾರಣ. ಸೂಚನಾ ಹಾಳೆಯನ್ನು ಮಾತ್ರ ಪಕ್ಕಕ್ಕಿಡುವುದೇ ವಾಸಿ.

ಕ್ಯಾನ್ವಾಸ್‌ನಿಂದಲೇ ಶುರು ಮಾಡೋಣ. ಇದು ಗಂಜಿ ಹಾಕಿ ಬಿರುಸು ಮಾಡಿದ ಹತ್ತಿಯ ಜಾಲರಿ. ಮೂರು ಇಂಚಿಗೆ ಹತ್ತು ಮನೆ (ಜಾಲರಿಯ ಚೌಕ), ಅಂದರೆ 10 ಸೆಂ.ಮೀ.ಗೆ ಸುಮಾರು 13. ಇಂಚಿಗೆ 3.75 ಮನೆಯ ಜಾಲರಿಯೂ ಸಾಮಾನ್ಯ. ಅದರಲ್ಲಿ ಕುಚ್ಚು ಇನ್ನಷ್ಟು ಒತ್ತಾಗಿ ಕೂರುತ್ತದೆ, ಎಳೆಯೂ ಹೆಚ್ಚು ಬೇಕು. ಇಂಚಿಗೆ 5 ಮನೆಯದ್ದೂ ಸಿಗುತ್ತದೆ, ಆದರೆ ದಪ್ಪ ಉಲನ್ ಅದರಲ್ಲಿ ತುರುಕಿದಂತಾಗಿ ಕ್ಯಾನ್ವಾಸ್ ಮುರುಟಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ತೆಳುವಾದ ನೂಲೇ ಬೇಕು. ಕಿಟ್ ಬಿಟ್ಟು ಬಿಡಿಬಿಡಿಯಾಗಿ ಕೊಳ್ಳುವವರು ಮೊದಲು ಹೊಂದಿಸಿಕೊಳ್ಳಬೇಕಾದದ್ದು ಈ ಲೆಕ್ಕವನ್ನು.

ಒಳ್ಳೆಯ ಕ್ಯಾನ್ವಾಸ್ ಗುರುತಿಸಲು ಉಗುರು ಸಾಕು. ಒಂದು ಅಡ್ಡ ಎಳೆಯನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ಈ ಕಿಟ್‌ನಲ್ಲಿ ಅದು ಕದಲಲಿಲ್ಲ. ಹೊಕ್ಕಿನ (ಅಡ್ಡ) ಎಳೆಗಳು ಜೋಡಿಯಾಗಿದ್ದು ಹಾಸಿನ (ಉದ್ದ) ಎಳೆಗಳು ಅವನ್ನು ತಿರುಚಿ ಬಿಗಿಹಿಡಿದಿವೆ. ಅಗ್ಗದ ಜಾಲರಿಯಲ್ಲಿ ಈ ತಿರುಚು ಇರುವುದಿಲ್ಲ, ಎಳೆಗಳು ಬರೀ ಗಂಜಿಯ ಬಲದಲ್ಲಿ ನಿಂತಿರುತ್ತವೆ. ಕೈ ಬೆವರಿಗೆ ಗಂಜಿ ಮೆತ್ತಗಾದಂತೆ ಮನೆಗಳು ಜರುಗುತ್ತವೆ, ಒಂದು ಕಡೆ ಕುಚ್ಚು ಇಡಿಕಿರಿದು ಇನ್ನೊಂದು ಕಡೆ ತೆಳುವಾಗುತ್ತದೆ. ಪ್ಲಾಸ್ಟಿಕ್ ಜಾಲರಿಗೆ ಈ ಕಾಯಿಲೆ ಇಲ್ಲ. ಆದರೆ ಅದು ಮಡಚಲು ಬಗ್ಗದು, ಅಂಚು ಕಟ್ಟುವುದೇ ಪಾಡು. ನೆಲಕ್ಕಂತೂ ಬೇಡವೇ ಬೇಡ.

ಎರಡನೆಯ ಪರೀಕ್ಷೆ ಸ್ಕೇಲಿನದು. ಅಡ್ಡಕ್ಕೆ ಹತ್ತು ಮನೆ ಅಳೆಯಿರಿ, ಉದ್ದಕ್ಕೂ ಹತ್ತು ಮನೆ ಅಳೆಯಿರಿ. ಎರಡೂ 7.6 ಸೆಂ.ಮೀ. ಆಸುಪಾಸಿನಲ್ಲಿರಬೇಕು. ಒಂದು 7.6, ಇನ್ನೊಂದು 8.2 ಬಂದರೆ ಚಾರ್ಟಿನಲ್ಲಿ ದುಂಡಗಿರುವ ಸೂರ್ಯ ಗೋಡೆಯ ಮೇಲೆ ಮೊಟ್ಟೆಯಾಗುತ್ತಾನೆ. ಈ ಕಿಟ್ ಇದರಲ್ಲೂ ಪಾಸು.

ಸೋತದ್ದು ಮುದ್ರಣದಲ್ಲಿ. ಕೆಳಸಾಲಿನಲ್ಲಿ ಬಣ್ಣ ಸರಿಯಾಗಿ ಮನೆಗೆ ಕೂತಿದೆ. ಮೇಲಕ್ಕೆ ಹೋದಂತೆ ಜಾರುತ್ತಾ ಮೇಲಂಚಿನ ಹೊತ್ತಿಗೆ ಅರ್ಧ ಮನೆ ಪಕ್ಕಕ್ಕೆ ಸರಿದಿದೆ. ಬಟ್ಟೆ ಸ್ವಲ್ಪ ಓರೆಯಾಗಿ ಅಚ್ಚಿನಡಿ ಹೋದರೆ ಹೀಗಾಗುತ್ತದೆ, ಮುದ್ರಿತ ಕ್ಯಾನ್ವಾಸ್‌ಗಳಲ್ಲಿ ಇದು ಅಪರೂಪವೇನಲ್ಲ. ಒಂದೇ ಮನೆಯಲ್ಲಿ ಅರ್ಧ ಹಸಿರು ಅರ್ಧ ನೀಲಿ ಕಂಡು ತಲೆ ಕೆರೆದುಕೊಳ್ಳುವ ಬದಲು ಗಂಟು ಕೂರುವುದು ಎಲ್ಲಿ ಎಂದು ನೋಡಿ. ಅದು ಕೂರುವುದು ತೂತಿನಲ್ಲಲ್ಲ, ಎರಡು ತೂತುಗಳ ನಡುವಿನ ಅಡ್ಡ ಎಳೆಯ ಮೇಲೆ. ಆ ಎಳೆಯ ಮೇಲೆ ಯಾವ ಬಣ್ಣ ಹೆಚ್ಚಿದೆಯೋ ಅದನ್ನೇ ಹಾಕಿ. ಇನ್ನೂ ಅನುಮಾನವಿದ್ದರೆ ಚಾರ್ಟ್ ಹೇಳಿದ್ದೇ ಕೊನೆಯ ಮಾತು, ಅಲ್ಲಿ ಒಂದು ಮನೆ ಅಂದರೆ ಒಂದು ಗಂಟು. ಪ್ರತಿ ಹತ್ತನೇ ಸಾಲಿಗೂ ಪ್ರತಿ ಹತ್ತನೇ ಕಂಬಕ್ಕೂ ಬೇರೆ ಬಣ್ಣದ ಹೊಲಿಗೆ ದಾರ ಓಡಿಸಿಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಎಳೆದು ತೆಗೆದರಾಯಿತು.

ಇನ್ನು ಎಳೆ. 60 ಸೆಂ.ಮೀ.ಗೆ 78 ಮನೆ, 40 ಸೆಂ.ಮೀ.ಗೆ 52. ಗುಣಿಸಿದರೆ 4,056 ಗಂಟು, ಗಂಟಿಗೊಂದು ಎಳೆ. ಒಂದೊಂದು ಎಳೆಯೂ 6.5 ಸೆಂ.ಮೀ., ಅಂದರೆ ಎರಡೂವರೆ ಇಂಚು. ಎಲ್ಲ ಸೇರಿ 264 ಮೀಟರ್ ನೂಲು. ಗಂಟಿಗೆ ಹೋದದ್ದು ಕಳೆದು ಕುಚ್ಚಿನ ಎತ್ತರ ಎರಡರಿಂದ ಎರಡೂವರೆ ಸೆಂ.ಮೀ. ನಿಲ್ಲುತ್ತದೆ. ವೇಗದ ಲೆಕ್ಕವನ್ನೂ ಹಾಕಿಕೊಳ್ಳಿ. ಹೊಸಬರು ನಿಮಿಷಕ್ಕೆ ಆರು ಗಂಟು ಹಾಕಿದರೂ ಹನ್ನೊಂದು ಗಂಟೆಗೆ ಮೇಲೆ ಹಿಡಿಯುತ್ತದೆ. ಕೈ ಪಳಗಿ ನಿಮಿಷಕ್ಕೆ ಹನ್ನೆರಡು ಬಂದರೆ ಐದೂವರೆ ಗಂಟೆಗೆ ತುಸು ಮೇಲೆ. ಡಬ್ಬಿಯ ಮೇಲೆ ಬರೆದ ‘ಒಂದು ಸಂಜೆಯ ಕೆಲಸ’ ಎಂಬುದನ್ನು ಯಾವ ಕೈ ನೋಡಿ ಬರೆದರೋ.

ಪೊಟ್ಟಣ ಒಡೆದ ದಿನವೇ ಎಳೆಗಳನ್ನು ಎಣಿಸಿಬಿಡಿ. ಒಂದೊಂದಾಗಿ ಎಣಿಸಬೇಕಿಲ್ಲ. ಒಂದು ಬಣ್ಣದ 200 ಎಳೆ ಎಣಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಆಮೇಲೆ ಆ ಬಣ್ಣದ ಇಡೀ ಕಟ್ಟನ್ನು ತೂಗಿ, ಭಾಗಿಸಿ. ಐವತ್ತೇ ಎಳೆ ತೂಗಿದರೆ ಒಂದು ಗ್ರಾಮಿನ ಹೆಚ್ಚುಕಡಿಮೆಯೂ ಲೆಕ್ಕವನ್ನು ಕೆಡಿಸುತ್ತದೆ. ಚಾರ್ಟಿನಿಂದ ಆ ಬಣ್ಣಕ್ಕೆ ಬೇಕಾದ ಗಂಟು ಎಣಿಸಿ, ನೂರಕ್ಕೆ ಐದರಷ್ಟು ಮಿಕ್ಕುವಂತಿದ್ದರೆ ನೆಮ್ಮದಿ. ಈ ಕಿಟ್‌ನಲ್ಲಿ ಏಳು ಬಣ್ಣ ಧಾರಾಳ. ಹಿನ್ನೆಲೆಯ ಕಡುನೀಲಿ ಮಾತ್ರ ಅಳೆದು ಸುರಿದಂತಿತ್ತು, ಮಿಕ್ಕದ್ದು ಹತ್ತಿಪ್ಪತ್ತು ಎಳೆ. ಅಪಾಯ ಇರುವುದು ಇಲ್ಲೇ. ಹಿನ್ನೆಲೆ ಬಣ್ಣ ಕೊನೆಯ ಎರಡು ಸಾಲಿಗೆ ಸಾಲದೆ ಬಂದು ಹೊಸ ಪೊಟ್ಟಣ ತರಿಸಿದರೆ ಅದು ಬೇರೆ ಬಣ್ಣದ ಹಂಡೆಯಲ್ಲಿ ಅದ್ದಿದ್ದಾಗಿರುತ್ತದೆ. ಕೈಯಲ್ಲಿ ಹಿಡಿದಾಗ ಒಂದೇ ಅನ್ನಿಸುವ ನೀಲಿ ಸಾಲಾಗಿ ಕಟ್ಟಿದ ಮೇಲೆ ಪಟ್ಟೆ ಹೊಡೆದಂತೆ ಕಾಣುತ್ತದೆ. ಕಡಿಮೆ ಬೀಳುವ ಸೂಚನೆ ಮೊದಲೇ ಸಿಕ್ಕರೆ ಹಳೆಯದನ್ನೂ ಹೊಸದನ್ನೂ ಬೆರೆಸಿ ಇಡೀ ಹಿನ್ನೆಲೆಗೆ ಹಂಚಿ ಕಟ್ಟಬಹುದು, ಯಾರ ಕಣ್ಣಿಗೂ ಬೀಳದು. ಮೊದಲ ದಿನವೇ ಎಣಿಸಿ ಎಂದದ್ದು ಅದಕ್ಕೇ.

ಬೂದು ಬಣ್ಣದ ಎರಡು ಛಾಯೆಗಳನ್ನು ಹಗಲು ಬೆಳಕಿನಲ್ಲಿ ಬೇರೆ ಮಾಡಿ, ಕಟ್ಟುಗಳಿಗೆ ಚಾರ್ಟಿನ ಗುರುತು ಬರೆದ ಚೀಟಿ ಕಟ್ಟಿಡಿ. ಹಳದಿ ಬಲ್ಬಿನಡಿ ಅವೆರಡೂ ಒಂದೇ.

ಎಳೆಯ ಗುಣಮಟ್ಟ ಸಾಧಾರಣಕ್ಕಿಂತ ಮೇಲು. ಹುರಿ ಬಿಗಿಯಾಗಿದೆ, ತುದಿ ಬೇಗ ಬಿಚ್ಚಿಕೊಳ್ಳುವುದಿಲ್ಲ. ನೂರಕ್ಕೆ ನಾಲ್ಕೈದು ಎಳೆ ಗಿಡ್ಡ ಬಂದಿವೆ. ಎಸೆಯಬೇಡಿ, ಪಕ್ಕಕ್ಕಿಡಿ. ಪೂರ್ತಿ ಮುಗಿದ ಮೇಲೆ ಕತ್ತರಿಯಲ್ಲಿ ಮೇಲ್ಮೈ ಸಮ ಮಾಡುವವರಿದ್ದರೆ ಅವೂ ನಡುವೆ ಸೇರಿಹೋಗುತ್ತವೆ.

ಹುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರದ ಹಿಡಿ, ಸ್ವಲ್ಪ ಬಾಗಿದ ಕಬ್ಬಿಣದ ಕಡ್ಡಿ, ತುದಿಯಲ್ಲಿ ಕೊಕ್ಕೆ, ಕೊಕ್ಕೆಯ ಬಾಯಿಗೆ ಪುಟ್ಟ ಚಿಲಕ. ಹೆಣಿಗೆ ಯಂತ್ರದ ಸೂಜಿಯಲ್ಲಿರುವ ಚಿಲಕವೂ ಇದೇ ಬಗೆಯದು. ಇಂಗ್ಲೆಂಡಿನ ಲೆಸ್ಟರ್‌ನ ಮ್ಯಾಥ್ಯೂ ಟೌನ್‌ಸೆಂಡ್ 1849ರಲ್ಲಿ ಪೇಟೆಂಟ್ ಪಡೆದದ್ದು ಅಂಥ ಸೂಜಿಗೇ. ನೋಡಬೇಕಾದದ್ದು ಒಂದೇ: ಹುಕ್ಕನ್ನು ಮೇಲೆ ಕೆಳಗೆ ಮಾಡಿದಾಗ ಚಿಲಕ ತನ್ನ ಭಾರಕ್ಕೆ ತಾನೇ ತೆರೆದು ಮುಚ್ಚಬೇಕು. ಇಲ್ಲಿ ಮೊದಮೊದಲು ಸಿಕ್ಕಿಕೊಳ್ಳುತ್ತಿತ್ತು. ಚಿಲಕದ ಮೊಳೆಯ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು ಹತ್ತಾರು ಸಲ ಆಡಿಸಿ, ಚಿಂದಿಯಿಂದ ಚೆನ್ನಾಗಿ ಒರೆಸಿದ ಮೇಲೆ ಸರಿಹೋಯಿತು. ಒರೆಸದಿದ್ದರೆ ತಿಳಿ ಬಣ್ಣದ ಎಳೆಗಳ ಮೇಲೆಲ್ಲ ಎಣ್ಣೆ ಕಲೆ. ಹಿಡಿ ಸಣ್ಣದು, ಎರಡು ಸಾವಿರ ಗಂಟು ದಾಟುವಷ್ಟರಲ್ಲಿ ಅಂಗೈ ನೋಯುತ್ತದೆ. ಹಿಡಿಗೆ ಬಟ್ಟೆ ಸುತ್ತಿ.

ಸೂಚನಾ ಹಾಳೆಯಲ್ಲಿ ಆರು ಚಿತ್ರಗಳಿವೆ. ಮುಖ್ಯವಾದ ಮೂರನೆಯದರಲ್ಲಿ ಎಳೆಯ ತುದಿಗಳು ಚಿಲಕದ ಹಿಂದೆ ಇರುವಂತೆ ಬರೆದಿದ್ದಾರೆ. ಹಾಗೆ ಮಾಡಿದರೆ ಗಂಟೇ ಬೀಳದು. ಸರಿಯಾದ ಕ್ರಮ ಹೀಗೆ.

ಎಳೆಯನ್ನು ಚಿಲಕಕ್ಕಿಂತ ಕೆಳಗೆ, ಕಡ್ಡಿಯ ಸುತ್ತ ಮಡಚಿ, ಎರಡೂ ತುದಿ ಸಮ ಮಾಡಿ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿರಿ. ಈಗ ಕಡ್ಡಿಗೆ ಒಂದು ಕುಣಿಕೆ ತೊಡಿಸಿದಂತಾಯಿತು. ಹುಕ್ಕನ್ನು ನಿಮ್ಮ ಕಡೆಯ ತೂತಿನಲ್ಲಿ ಇಳಿಸಿ, ಜೋಡಿ ಅಡ್ಡ ಎಳೆಯ ಅಡಿಯಿಂದ ನುಗ್ಗಿಸಿ, ಆಚೆಯ ತೂತಿನಿಂದ ಹೊರತನ್ನಿ. ಇಲ್ಲಿ ಅವಸರ ಬೇಡ. ಕೊಕ್ಕೆ ಕಂಡರೆ ಸಾಲದು, ಚಿಲಕವೂ ಪೂರ್ತಿ ಹೊರಬಂದು ತೆರೆದು ಬೀಳಬೇಕು. ಎಳೆಯ ಎರಡೂ ತುದಿಗಳನ್ನು ಅಡ್ಡ ಎಳೆಯ ಮೇಲಿನಿಂದ ತಂದು ಕೊಕ್ಕೆಯ ಬಾಯೊಳಗೆ, ತೆರೆದ ಚಿಲಕಕ್ಕೂ ಕೊಕ್ಕೆಗೂ ನಡುವೆ ಇಡಿ. ತುದಿಗಳನ್ನು ಹಗುರವಾಗಿ ಹಿಡಿದೇ ಹಿಡಿಯನ್ನು ನಿಮ್ಮತ್ತ ಎಳೆಯಿರಿ. ಹಿಂದೆ ಬರುವಾಗ ಚಿಲಕ ತಾನೇ ಮುಚ್ಚಿಕೊಂಡು ತುದಿಗಳನ್ನು ಒಳಗಿಟ್ಟುಕೊಂಡು ಜಾಲರಿಯ ಅಡಿಯಿಂದ ಬಂದು ಕುಣಿಕೆಯೊಳಗಿಂದ ಹೊರಬೀಳುತ್ತದೆ. ಕೊನೆಗೆ ಎರಡು ತುದಿಗಳನ್ನೂ ಜೊತೆಯಾಗಿ ಹಿಡಿದು ಒಮ್ಮೆ ಜಗ್ಗಿ. ‘ಟಕ್’ ಎಂದು ಗಂಟು ಕೂತದ್ದು ಬೆರಳಿಗೆ ಗೊತ್ತಾಗುತ್ತದೆ.

ತಪ್ಪುಗಳೂ ಇದರಲ್ಲೇ ಹುಟ್ಟುವುದು. ಚಿಲಕ ಪೂರ್ತಿ ದಾಟದಿದ್ದರೆ ಅದು ಕ್ಯಾನ್ವಾಸ್ ಎಳೆಯನ್ನೇ ಕಚ್ಚಿಕೊಳ್ಳುತ್ತದೆ. ಬಲವಾಗಿ ಎಳೆದರೆ ಜಾಲರಿ ಹರಿಯುತ್ತದೆ, ಆದ್ದರಿಂದ ಮುಂದಕ್ಕೆ ತಳ್ಳಿ ಬಿಡಿಸಿಕೊಳ್ಳಿ. ಜೋಡಿ ಎಳೆಯಲ್ಲಿ ಒಂದನ್ನು ಮಾತ್ರ ಹಿಡಿದಿದ್ದರೆ ಗಂಟು ನೋಡಲು ಸರಿಯಾಗೇ ಇರುತ್ತದೆ, ಒಂದು ಎಳೆಯ ಬಲದ ಮೇಲೆ ನಿಂತಿರುತ್ತದೆ ಅಷ್ಟೆ. ನೆಲಕ್ಕೆ ಹಾಸಿದ ಮೇಲೆ ಮೊದಲು ಸಡಿಲವಾಗುವುದು ಅಂಥವೇ. ಒಂದೇ ತುದಿ ಕೊಕ್ಕೆಗೆ ಸಿಕ್ಕಿದ್ದರೆ ಜಗ್ಗಿದ ಕೂಡಲೇ ಎಳೆ ಕೈಗೆ ಬರುತ್ತದೆ, ಅದನ್ನು ಹುಡುಕುವ ಕಷ್ಟವಿಲ್ಲ. ತುದಿಗಳು ಉದ್ದಗಿಡ್ಡವಾಗಿದ್ದರೆ ಗಂಟು ಬಿಗಿಯುವ ಮೊದಲೇ ಉದ್ದದ್ದನ್ನು ಎಳೆದು ಸರಿಮಾಡಿ. ಕತ್ತರಿಸಿ ಸಮ ಮಾಡುತ್ತೇನೆಂದು ಹೊರಟರೆ ಸುತ್ತಲಿನದೂ ಗಿಡ್ಡವಾಗುತ್ತಾ ಹೋಗಿ ಕೊನೆಗೆ ಅಲ್ಲೊಂದು ಗುಳಿ ಬೀಳುತ್ತದೆ. ಸಾಲು ಮುಗಿದಾಗಲೆಲ್ಲ ಕ್ಯಾನ್ವಾಸ್ ತಿರುವಿ ಹಿಂಬದಿ ನೋಡಿ. ಒಂದೇ ಸಮ ದಪ್ಪನೆಯ ಸಾಲು ಕಾಣಬೇಕು. ಬರಿಯ ಅಡ್ಡ ಎಳೆ ಇಣುಕಿದರೆ ಅಲ್ಲೊಂದು ಮನೆ ಬಿಟ್ಟಿದ್ದೀರಿ ಎಂದರ್ಥ. ಮುಂಬದಿಯಿಂದ ನೋಡಿದರೆ ಅಕ್ಕಪಕ್ಕದ ಕುಚ್ಚು ಅದನ್ನು ಮುಚ್ಚಿಬಿಟ್ಟಿರುತ್ತದೆ.

ಸಾಲಿನ ಕ್ರಮದ ಬಗ್ಗೆ ಹಾಳೆ ಬಾಯೇ ಬಿಡುವುದಿಲ್ಲ. ನಿಮಗೆ ಹತ್ತಿರದ ಕೆಳಸಾಲಿನಿಂದ ಶುರುಮಾಡಿ ಮೇಲಕ್ಕೆ, ಅಂದರೆ ನಿಮ್ಮಿಂದ ದೂರಕ್ಕೆ ಹೋಗಬೇಕು. ಈ ಗಂಟಿನಲ್ಲಿ ಕುಚ್ಚು ಕಟ್ಟುವವರ ಕಡೆಗೇ ಒರಗುತ್ತದೆ. ಕೆಳಗಿನಿಂದ ಕಟ್ಟಿದರೆ ಆದ ಸಾಲು ಇತ್ತ ಬಾಗಿ ಮುಂದಿನ ತೂತುಗಳು ತೆರೆದಿರುತ್ತವೆ. ಮೇಲಿನಿಂದ ಕಟ್ಟಿದರೆ ಕುಚ್ಚು ಮುಂದಿನ ಸಾಲಿನ ಮೇಲೇ ಬಿದ್ದುಕೊಂಡು ಪ್ರತಿ ಗಂಟಿಗೂ ಕೈಯಿಂದ ಬಾಚಬೇಕು. ಒಂದು ಸಾಲಿನಲ್ಲಿ ಎಷ್ಟು ಬಣ್ಣ ಬಂದರೂ ಸಾಲು ಪೂರ್ತಿ ಮುಗಿಸಿಯೇ ಮುಂದಿನದು. ಮೊದಲು ಹೂವೆಲ್ಲ ಕಟ್ಟಿಬಿಡೋಣ, ಹಿನ್ನೆಲೆ ಆಮೇಲೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದವರು ನಡುನಡುವೆ ಉಳಿದ ಒಂಟಿ ಮನೆಗಳಿಗೆ ಹುಕ್ ತೂರಿಸಲು ಪಡುವ ಪಡಿಪಾಟಲು ಅಷ್ಟಿಷ್ಟಲ್ಲ.

ಕ್ಯಾನ್ವಾಸ್ ತಿರುಗಿಸಿಕೊಂಡು ಮೇಲಂಚಿನಿಂದಲೂ ಕಟ್ಟಬೇಡಿ. ಕುಚ್ಚು ಎರಡು ದಿಕ್ಕಿಗೆ ಒರಗಿ, ಎರಡೂ ಸೇರುವಲ್ಲಿ ಬೈತಲೆ ತೆಗೆದಂತೆ ಗೆರೆ ಬೀಳುತ್ತದೆ. ದೊಡ್ಡ ಕಂಬಳಿಯನ್ನು ಇಬ್ಬರು ಎದುರುಬದುರು ಕೂತು ಕಟ್ಟುವುದಾದರೆ ಒಬ್ಬರು ನಾಲ್ಕು ಚಲನೆಯ ಗಂಟು, ಇನ್ನೊಬ್ಬರು ಐದು ಚಲನೆಯ ಗಂಟು (ಹುಕ್ಕನ್ನು ಮೊದಲು ಜಾಲರಿಗೆ ತೂರಿಸಿ ಆಮೇಲೆ ಎಳೆ ಸಿಕ್ಕಿಸುವ ಬಗೆ) ಹಾಕುತ್ತಾರೆ. ಆಗ ಕುಚ್ಚು ಒಂದೇ ಕಡೆಗೆ ಮಲಗುತ್ತದೆ. ಮೇಲೆ ಹೇಳಿದ್ದು ನಾಲ್ಕು ಚಲನೆಯದು. ಒಬ್ಬರೇ ಕಟ್ಟುವಾಗ ಅದೊಂದೇ ಸಾಕು, ಎರಡನ್ನೂ ಬೆರೆಸಿದರೆ ಮತ್ತೆ ಅದೇ ಬೈತಲೆ.

ಅಂಚಿನ ವಿಷಯದಲ್ಲಿ ಕಿಟ್ ಜಿಪುಣತನ ತೋರಿದೆ. ಚಿತ್ರದ ಮೇಲೆ ಕೆಳಗೆ ಕನಿಷ್ಠ ನಾಲ್ಕೈದು ಮನೆ ಖಾಲಿ ಬಿಡಬೇಕಿತ್ತು, ಮೇಲಂಚಿನಲ್ಲಿ ಮೂರೇ ಇವೆ. ಕತ್ತರಿಸಿದ ಅಂಚಿನಿಂದ ಎಳೆಗಳು ಉದುರುತ್ತವೆ, ಆದ್ದರಿಂದ ಪೊಟ್ಟಣದಿಂದ ತೆಗೆದೊಡನೆ ಸುತ್ತ ಕಾಗದದ ಟೇಪ್ ಅಂಟಿಸಿ. ಗಂಟು ಹಾಕುವ ಮೊದಲೇ ಕೆಳಗಿನ ಖಾಲಿ ಮನೆಗಳನ್ನು ಹಿಂದಕ್ಕೆ ಮಡಚಿ, ಎರಡು ಪದರದ ತೂತುಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸಿ, ಹೊಲಿಗೆ ದಾರದಿಂದ ತಾತ್ಕಾಲಿಕವಾಗಿ ಟಾಕಿ. ಮೊದಲ ಸಾಲುಗಳ ಗಂಟು ಎರಡೂ ಪದರ ಹಿಡಿದು ಬಂದರೆ ಅಂಚು ತಾನಾಗಿ ಮುಗಿದಂತೆ, ಬೇರೆ ಹೊಲಿಗೆ ಬೇಡ. ಮೇಲಂಚಿಗೂ ಹೀಗೇ, ಕೊನೆಯ ಸಾಲುಗಳಿಗೆ ಬಂದಾಗ. ಮೂರೇ ಮನೆ ಇರುವಲ್ಲಿ ಮಡಿಕೆಗೆ ಮೊದಲು ಕತ್ತರಿಸಿದ ಅಂಚಿಗೆ ಬಟ್ಟೆ ಅಂಟು ತೆಳುವಾಗಿ ಸವರಿ ಒಣಗಿಸಿ, ಇಲ್ಲದಿದ್ದರೆ ಹೊರಗಿನ ಎಳೆ ಜಾರಿ ಎರಡೇ ಮನೆಯ ಹಿಡಿತ ಉಳಿಯುತ್ತದೆ. ಎಡಬಲದ ಅಂಚುಗಳು ನೇಯ್ದ ಕರೆಯವು, ಉದುರುವುದಿಲ್ಲ. ಕೆಲಸ ಮುಗಿದ ಮೇಲೆ ಹಿಂದಕ್ಕೆ ಮಡಚಿ ಗಟ್ಟಿ ದಾರದಲ್ಲಿ ಹೊಲಿದರೆ ಸಾಕು. ಮೂಲೆಯಲ್ಲಿ ನಾಲ್ಕು ಪದರ ಸೇರುವುದರಿಂದ ದಪ್ಪನೆಯ ಗುಬ್ಬಿ ಎದ್ದು ಸೂಜಿ ನುಗ್ಗುವುದಿಲ್ಲ. ಅಲ್ಲಿ ಒಳಗಿನ ಪದರವನ್ನು ಎರಡು ಮನೆ ಉಳಿಸಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಅಂಟು ಹಚ್ಚಿ.

ಮುಗಿಸಿ ನೋಡಿದಾಗ ಚೌಕ ಓರೆಯಾಗಿ ವಜ್ರಾಕಾರಕ್ಕೆ ಬಂದಿದ್ದರೆ ಗಾಬರಿ ಬೇಡ. ಹತ್ತಿರ ಬಂದಿರುವ ಎದುರುಬದುರು ಮೂಲೆಗಳನ್ನು ಹಿಡಿದು ಜಗ್ಗಿ, ಹಲಗೆಯ ಮೇಲೆ ಕವುಚಿಹಾಕಿ ಅಂಚುಗಳಿಗೆ ಪಿನ್ ಚುಚ್ಚಿ, ಹಿಂಬದಿಗೆ ನೀರು ಸಿಂಪಡಿಸಿ ಪೂರ್ತಿ ಒಣಗಲು ಬಿಡಿ. ಮೆತ್ತಗಾದ ಗಂಜಿ ಮತ್ತೆ ಬಿಗಿಯುವಾಗ ಹೊಸ ಆಕಾರವನ್ನೇ ಹಿಡಿಯುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಹತ್ತಿರ ತರಬೇಡಿ. ಅಕ್ರಿಲಿಕ್ ಬಿಸಿಗೆ ಚಪ್ಪಟೆಯಾಗಿ ಹೊಳಪು ಹಿಡಿದರೆ ಮತ್ತೆ ಎದ್ದು ನಿಲ್ಲದು.

ಹಿಂಬದಿಗೆ ಏನು ಹಾಕಬೇಕೆಂಬುದು ಕಿಟ್‌ನಲ್ಲಿ ಇಲ್ಲವೇ ಇಲ್ಲ. ಗೋಡೆಗಾದರೆ ಫೆಲ್ಟ್ ಬಟ್ಟೆ ಹೊಲಿದು, ಮೇಲಂಚಿನಲ್ಲಿ ಮೂರು ನಾಲ್ಕು ಸೆಂ.ಮೀ. ಅಗಲದ ತೋಳು ಬಿಟ್ಟು ದುಂಡುಕೋಲು ತೂರಿಸಿ. ಎರಡು ಮೊಳೆಗೆ ಮೂಲೆ ಸಿಕ್ಕಿಸಿದರೆ ಸಾಕು ಎನ್ನುತ್ತದೆ ಹಾಳೆ. ಹಾಗೆ ತೂಗುಹಾಕಿದರೆ ಭಾರಕ್ಕೆ ನಡುಭಾಗ ಜೋಲುತ್ತದೆ. ನೆಲಕ್ಕಾದರೆ ಕಂಬಳಿಗೆಂದೇ ಬರುವ ಜಾರದ ಲ್ಯಾಟೆಕ್ಸ್ ಲೇಪವನ್ನು ಹಿಂಬದಿಗೆ ಬ್ರಷ್‌ನಲ್ಲಿ ಹಚ್ಚಿ. ಗಂಟುಗಳೂ ಭದ್ರವಾಗುತ್ತವೆ, ಜಾರುವುದೂ ಕಡಿಮೆಯಾಗುತ್ತದೆ. ಗಾಳಿಯಾಡುವ ಕಡೆ ಹಚ್ಚಿ, ಪೂರ್ತಿ ಒಣಗುವವರೆಗೆ ನೆಲ ಮುಟ್ಟಿಸಬೇಡಿ. ಲೇಪ ಇಷ್ಟವಿಲ್ಲದವರು ಕೆಳಗೆ ರಬ್ಬರಿನ ಜಾಲರಿ ಚಾಪೆ ಹಾಸಲಿ. ಎರಡೂ ಇಲ್ಲದೆ ನುಣುಪು ನೆಲದ ಮೇಲೆ ಹಾಸುವುದು ಬಿದ್ದು ಏಳುವವರಿಗಷ್ಟೇ.

ಒಗೆಯುವ ಮಾತು ಬಂದರೆ, ಯಂತ್ರಕ್ಕೆ ಹಾಕಬಾರದು, ನೆನೆಸಲೂ ಬಾರದು. ನೀರಿಗೆ ಗಂಜಿ ಕರಗಿ ಕ್ಯಾನ್ವಾಸ್ ಜೋಲುಬೀಳುತ್ತದೆ, ಹತ್ತಿ ಕುಗ್ಗಿ ಅಂಚು ಸುರುಳಿಯಾಗುತ್ತದೆ. ಹೊರಗೆ ಒಯ್ದು ಕೊಡವಿ, ಬ್ರಷ್ ತಿರುಗಿಸದ ವ್ಯಾಕ್ಯೂಮ್‌ನಲ್ಲಿ ಧೂಳು ತೆಗೆಯಿರಿ. ಕಲೆ ಬಿದ್ದಲ್ಲಿ ಸೋಪಿನ ನೊರೆ ಮಾತ್ರ ಮುಟ್ಟಿಸಿ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೊದಲ ಎರಡು ಮೂರು ವಾರ ಸಡಿಲ ನಾರು ಉದುರುವುದು ಸಹಜ. ಆಮೇಲೂ ನಿಲ್ಲದಿದ್ದರೆ ಎಳೆಯ ಹುರಿಯಲ್ಲಿ ದೋಷವಿದೆ ಎನ್ನಿ.

ಹಾಗಾದರೆ ಈ ಕಿಟ್ ಕೊಳ್ಳಬೇಕೇ? ಒಮ್ಮೆಯೂ ಕಟ್ಟದವರು ಇದಕ್ಕಿಂತ ಸಣ್ಣದು, 30 × 30 ಸೆಂ.ಮೀ. ಅಳತೆಯದ್ದು ತೆಗೆದುಕೊಳ್ಳಲಿ. ಸುಮಾರು 1,500 ಗಂಟು, ದಿಂಬಿನ ಮುಖಕ್ಕೆ ಸರಿಹೋಗುತ್ತದೆ. ಒಂದೆರಡು ಕಟ್ಟಿದವರಿಗೆ ಇದು ಒಳ್ಳೆಯ ಅಳತೆ. ಮೂರನೆಯದಕ್ಕೆ ಕಿಟ್ ಬೇಡ. ಖಾಲಿ ಕ್ಯಾನ್ವಾಸ್, ನಿಮ್ಮದೇ ಚೌಕುಳಿ ಕಾಗದದ ಚಾರ್ಟ್, ದಪ್ಪ ಉಲನ್ ಉಂಡೆ ಸಾಕು. 3.2 ಸೆಂ.ಮೀ. ಅಗಲದ ದಪ್ಪ ರಟ್ಟಿಗೆ ಉಲನ್ ಸುತ್ತಿ ಒಂದು ಅಂಚಿನುದ್ದಕ್ಕೂ ಕತ್ತರಿಸಿದರೆ ಸರಿಸುಮಾರು 6.5 ಸೆಂ.ಮೀ. ಎಳೆ ಸಿಗುತ್ತದೆ. ಬಿಗಿಯಾಗಿ ಸುತ್ತಬೇಡಿ. ಹಿಗ್ಗಿಸಿ ಸುತ್ತಿದ ಉಲನ್ ಕತ್ತರಿಸಿದೊಡನೆ ಕುಗ್ಗಿ ಎಳೆ ಗಿಡ್ಡವಾಗುತ್ತದೆ. ನೂಲು ತೆಳುವಾಗಿದ್ದರೆ ಎರಡೆಳೆ ಜೋಡಿಸಿ ಒಂದೇ ಗಂಟಿಗೆ ಹಾಕಿ. ಗೋಡೆಯದಕ್ಕೆ ಕೆಳಗಿನ ಎರಡು ಸಾಲಿಗೆ 20 ಸೆಂ.ಮೀ. ಎಳೆ ಹಾಕಿದರೆ ಜಾಲರು ಬಿಟ್ಟಂತೆ ಚೆಂದ ಕಾಣುತ್ತದೆ, ಈ ಸ್ವಾತಂತ್ರ್ಯ ಕಿಟ್‌ನಲ್ಲಿ ಸಿಗುವುದಿಲ್ಲ.

ಕಿಟ್ ಕೊಂಡವರು ಪ್ರತಿ ಬಣ್ಣದ ಇಪ್ಪತ್ತು ಎಳೆಯನ್ನಾದರೂ ಲಕೋಟೆಯಲ್ಲಿ ಹಾಕಿ ಫೆಲ್ಟ್‌ನ ಒಳಗೇ ಸೇರಿಸಿ ಹೊಲಿದುಬಿಡಿ. ಮುಂದೆ ಬೆಕ್ಕಿನ ಉಗುರಿಗೋ ಕುರ್ಚಿಯ ಕಾಲಿಗೋ ಸಿಕ್ಕಿ ನಾಲ್ಕು ಕುಚ್ಚು ಕಿತ್ತುಬಂದಾಗ ಅಲ್ಲೊಂದು ಹೊಲಿಗೆ ಬಿಚ್ಚಿ, ಅದೇ ಹಂಡೆಯ ಎಳೆಯನ್ನೇ ತೆಗೆದು, ಅದೇ ಹುಕ್ಕಿನಿಂದ ಕಟ್ಟಬಹುದು.